ಅವಸರದ ಹೂಳು

ಬಾಕುವಿನ ದಕ್ಷಿಣಕ್ಕೆ, ಹುಲ್ಲಿಗೂ ಉಪ್ಪು ಹತ್ತಿದ ಬಯಲಲ್ಲಿ
ಆಘಾಸಲೀಮ್ ಬೂಟು ಕಳಚಿ ಕೂತಿದ್ದಾನೆ.
ಎದುರಿಗೆ ಮೊಣಕಾಲೆತ್ತರದ ಬೂದು ಗುಡ್ಡೆ,
ನೆತ್ತಿಯಲ್ಲಿ ಬಾಣಲೆಯಗಲ ಬಾಯಿ.
ಗುಳುಕ್.
ಆಮೇಲೆ ಎಷ್ಟೋ ಹೊತ್ತು ಏನಿಲ್ಲ.
ಗುಳುಕ್.

ಮುಟ್ಟು, ಅನ್ನುತ್ತಾನೆ ಮೊಮ್ಮಗಳಿಗೆ, ಸುಡುವುದಿಲ್ಲ.
ತುರಾಜ್ ಬೆರಳದ್ದುತ್ತಾಳೆ: ತಣ್ಣಗೆ, ಮೀನಿನ ಹೊಟ್ಟೆಯ ಹಾಗೆ.

ಮೂವತ್ತೆರಡು ವರ್ಷ ಕಡಲ ಕಟ್ಟೆಯ ಮೇಲೆ ಬಾವಿ ಕೊರೆದವನು,
ಜರಡಿಗೆ ಬಂದ ಚೂರನ್ನು ಮುಂಬಲ್ಲಲ್ಲಿ ಕಚ್ಚಿ
ಆಳ ಹೇಳುತ್ತಿದ್ದವನು.
ಕೆಸರೆಂದರೆ ಮುಕ್ಕಾಲು ನೀರು, ಅನ್ನುತ್ತಾನೆ.
ಮಿಕ್ಕದ್ದು ಚಕ್ಕೆ; ಎಸೆದ ಇಸ್ಪೀಟು ಎಲೆಗಳ ಹಾಗೆ
ಅಡ್ಡಾದಿಡ್ಡಿ ಒರಗಿದ, ಕಣ್ಣಿಗೆ ಸಿಗದ ಚಕ್ಕೆ.
ಮೇಲೆ ಇನ್ನಷ್ಟು ಹೂಳು ಬೀಳುತ್ತದೆ,
ಹೂಳು ಹೂಳನ್ನೇ ಹೂಳುತ್ತದೆ.
ಭಾರಕ್ಕೆ ಒಂದೊಂದೇ ಚಕ್ಕೆ ಮಲಗುತ್ತದೆ,
ಬೆನ್ನಿಗೆ ಹೊಟ್ಟೆ ಹಚ್ಚಿ, ತೂಕಕ್ಕೆ ಅಡ್ಡಲಾಗಿ.
ನಡುವಿನ ನೀರು ಮೇಲಕ್ಕೆ ದಾರಿ ಹುಡುಕುತ್ತದೆ.

ಇನ್ನೂ ಕೆಳಗೆ ಬಿಸಿ.
ಅಲ್ಲಿ ಚಕ್ಕೆಯ ಒಡಲೊಳಗೇ ಅವಿತ ನೀರು,
ಪದರಕ್ಕೆ ಪದರ ಅಂಟಿಸಿಟ್ಟ ತೆಳು ನೀರು,
ಅದೂ ಎದ್ದು ಹೊರಡುತ್ತದೆ.
ಖಾಲಿಯಾದ ಜಾಗದಲ್ಲಿ ಪೊಟ್ಯಾಶಿಯಂ ಬಂದು ಕೂತು
ಒಳಗಿಂದ ಚಿಲಕ ಹಾಕಿಕೊಳ್ಳುತ್ತದೆ.
ಆಮೇಲೆ ಅದನ್ನು ಕೆಸರು ಅನ್ನುವಂತಿಲ್ಲ.

ಇದೆಲ್ಲ ಪುರುಸೊತ್ತಿದ್ದರೆ.
ಇಲ್ಲಿ ನದಿಗಳಿಗೆ ಅವಸರ.
ಉತ್ತರದಿಂದ ಒಂದು, ಪಡುವಣದಿಂದ ಒಂದು ಬಂದು
ಮೈಲಿಗಟ್ಟಲೆ ಮರಳು ಸುರಿದುಹೋದವು.
ನೀರು ಹೊರಡುವ ಮೊದಲೇ ಬಾಗಿಲು ಮುಚ್ಚಿತು.
ಈಗ ಮೇಲಿನ ಅಷ್ಟೂ ನೆಲವನ್ನು
ಚಕ್ಕೆಯಲ್ಲ, ಸಿಕ್ಕಿಬಿದ್ದ ಆ ನೀರೇ ಹೊತ್ತು ನಿಂತಿದೆ.

ಅದರೊಳಕ್ಕೆ ನಾವು ಕೊರೆದೆವು, ಒಂದು ರಾತ್ರಿ,
ಏಳನೇ ಬಾವಿ.
ಅಷ್ಟು ಹೇಳಿ ಕಾಲ್ಚೀಲದ ಮಣ್ಣು ಕೊಡವುತ್ತಾನೆ.
ನಮ್ಮಲ್ಲಿ ಸತ್ತವರನ್ನು ಸಂಜೆಯೊಳಗೆ ಹೂಳುತ್ತಾರೆ.
ಮಿರ್ಜಾಘಾನನ್ನು
ಹೂಳಲು ಏನೂ ಸಿಗಲಿಲ್ಲ.

ತುರಾಜ್ ಕೇಳಿಸಿಕೊಂಡಳೋ ಇಲ್ಲವೋ.
ಬೆರಳನ್ನು ನಾಲಗೆಗೆ ಇಟ್ಟಿದ್ದಾಳೆ, ಹುಬ್ಬು ಗಂಟಿಕ್ಕಿ:
ತಾತಾ, ಅಂದುಕೊಂಡಷ್ಟು ಉಪ್ಪಿಲ್ಲ.

ಇಲ್ಲ, ಅನ್ನುತ್ತಾನೆ ಅವನು, ಬೂಟಿಗೆ ಕಾಲು ತೂರಿಸುತ್ತ.
ಚಕ್ಕೆಯೊಳಗಿನದು ಸಿಹಿನೀರು. ಅದೂ ಬೆರೆತಿದೆ.
ಉಗುಳು, ಹೊಟ್ಟೆ ಕೆಟ್ಟೀತು.

ಗುಳುಕ್.