ಗದಿಗೆಪ್ಪನ ಕ್ಯಾಸೆಟ್ಟು

ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನ ಹಿಂದ
ಖಾನಾವಳಿ ಗಲ್ಲೆದ ಮ್ಯಾಲೆ
ಎಣ್ಣಿ ಜಿಡ್ಡು ಹತ್ತಿದ ಟೇಪ್‌ರೆಕಾರ್ಡರು.
ಹನ್ನೊಂದಕ್ಕ ಮಾಲಕ ಗುಂಡಿ ಒತ್ತತಾನ,
ಸೊರಟೂರ ಗದಿಗೆಪ್ಪ ಅಳಾಕ ಸುರು ಮಾಡತಾನ.

ಹತ್ತು ಹಾಡು.
ಹತ್ತರಾಗೂ ಒಬ್ಬಾಕಿನ ಬಿಟ್ಟು ಹೋಗತಾಳ,
ಇಪ್ಪತ್ತೆಂಟು ರೂಪಾಯಿಗೆ ಹತ್ತು ಸಲ.

ಒಳಗ ಒಲಿ ಮುಂದ ನಾನು.
ಜ್ವಾಳದ ಹಿಟ್ಟು ನಾದತೇನಿ, ಬಡಿತೇನಿ,
ತಾಳ ತಪ್ಪಂಗಿಲ್ಲ, ಕೈಗೆ ಮೊದಲಿಂದ ರೂಢಿ.
ಹೊರಗ ಲಾರಿ ಡ್ರೈವರು, ಹತ್ತಿ ದಲಾಲರು,
ಕೋರ್ಟಿಗೆ ಬಂದು ಬರೇ ತಾರೀಖು ತಗೊಂಡ ಮಂದಿ
ಝುಣಕದಾಗ ಬೆರಳಿಟ್ಟು ಹಂಗ ಕೂತಿರತಾರ.
ಎಂಥಾ ಕಲ್ಲ ಮನಸಿನಾಕಿ ಇದ್ದಿರಬೇಕೋ ಮಾರಾಯ, ಅಂತಾರ.
ಆಮ್ಯಾಲೆ ಇನ್ನೊಂದು ರೊಟ್ಟಿ ಕೇಳತಾರ.
ಎದಿ ಒಡದ ಮಂದಿ ಊಟ ಹೆಚ್ಚು ಮಾಡತಾರ,
ಇದು ನಾ ಹದಿನಾಲ್ಕು ವರ್ಷ ನೋಡಿದ್ದು.
ಆ ಕಲ್ಲ ಮನಸಿನಾಕಿ
ಕೈಗೆ ಹತ್ತಿದ ಹಿಟ್ಟು ಸೆರಗಿಗೆ ಒರಿಸಿ
ಬಿಸೀದು ಒಯ್ದು ಹಾಕತಾಳ.

ಹಾಡಿನ್ಯಾಗ ನನ್ನ ಹೆಸರು ಮಲ್ಲಿಗಿ.
ದುಂಡವ್ವ ಅಂದ್ರ ಪೇಟಿ ನಗತೈತಿ, ಅಂತಿದ್ದ ಮೊದಲೂ.
ಇರಲಿ.
ನಡುವಿಗೆ ಡಾಬು ಹಾಕ್ಯಾನ, ಹಾಕಲಿ.
ಖರೇ ಡಾಬು ಒತ್ತಿ ಇಟ್ಟು ಬಿಡಿಸಲಿಲ್ಲ,
ಹಾಡಿನ್ಯಾಗರೆ ತಿರಗಿ ಕೊಟ್ಟಾನ.

ಆದರ ಆ ಮೂರನೇ ಹಾಡು.
ಅದರಾಗ ನಾ ನಡುರಾತ್ರಿ ರೈಲು ಹತ್ತತೇನಿ,
ಮಳಿ ಬ್ಯಾರೆ ಸುರೀತೈತಿ,
ಅವ ಪ್ಲಾಟ್‌ಫಾರ್ಮಿನ ಮ್ಯಾಲೆ ಕೈ ಚಾಚಿ ಓಡಿ ಬರತಾನ.
ಎಲ್ಲಾರೂ ಮೂಗು ಒರಿಸೂದು ಅಲ್ಲೇ.

ಮಧ್ಯಾಹ್ನ ಎರಡೂವರಿ ಬಸ್ಸು. ಗದಗದಿಂದ.
ಏಪ್ರಿಲ್ ಬಿಸಲು, ಸೀಟಿನ ರೆಕ್ಸಿನ್ನು ತೊಡಿ ಸುಡತಿತ್ತು.
ಅವ ಮಲಗಿದ್ದ.
ಹಿಂದಿನ ರಾತ್ರಿ ನರಗುಂದದಾಗ ಹಾಡಿ ಬಂದಿದ್ದ,
ಬಂದ ರೊಕ್ಕ ಎಲ್ಲಿ ಹೋತು ಅಂತ ಅವಂಗೂ ಗೊತ್ತಿರಲಿಲ್ಲ.
ಬಾಗಲಾ ಹಾಕೂ ಮುಂದ
ಸಪ್ಪಳ ಆಗಲಿ ಅಂತ ಎರಡು ಸಲ ಹಾಕಿದೆ.
ಅಣ್ಣಿಗೇರ್ಯಾಗ ಬಸ್ಸು ಚಾಕ್ಕ ನಿಂತಾಗ
ಕಿಟಕಿಯಿಂದ ಹಿಂದ ನೋಡಿದೆ, ಯಾಕ ಸುಳ್ಳು ಹೇಳ್ಲಿ.
ಒಂದು ಟ್ರ್ಯಾಕ್ಟರ್ ಬರಾಕತ್ತಿತ್ತು
ಮೆಣಸಿನಕಾಯಿ ಚೀಲ ಹೇರಿಕೊಂಡು.
ಅಷ್ಟ.
ಎರಡೂವರಿ ಬಸ್ಸಿಗೆ ಯಾವ ರಾಗ ಹಚ್ಚತಾರ?

ಎರಡನೇ ಬಾಜೂ ಯಾರೂ ಪೂರಾ ಕೇಳೂದಿಲ್ಲ,
ಊಟದ ಹೊತ್ತು ಮುಗದಿರತೈತಿ.
ಕಡೀ ಹಾಡಿಗಿಂತ ಮೊದಲ ಅವ ಒಮ್ಮೆ ಕೆಮ್ಮತಾನ,
ಪೇಟಿಯ ತಿದಿ ಒತ್ತತಾನ,
ಸ್ವರ ಹುಟ್ಟೂದ್ರಾಗ
ಸಣ್ಣಂಗ ಒಂದು ಸ್ಸ್.
ಟೇಪು ಹಾಳಾಗೇತಿ ಅಂತಾನ ಮಾಲಕ.
ನಾ ಏನೂ ಅನ್ನಂಗಿಲ್ಲ.

ಅದು ತಿದಿಯ ತೂತು.
ಇಲಿ ಕಡದಿತ್ತು, ಶಿಗ್ಗಾಂವಿ ನಾಟಕದ ಹಿಂದಿನ ದಿನ.
ನನ್ನ ಮದವಿ ಕುಬಸದ ತೋಳು ಕತ್ತರಿಸಿ
ಹಸರು ಖಣದ ತುಂಡು
ಮೈದಾ ಸರಿ ಕಾಸಿ ಹಚ್ಚಿದ್ದೆ.
ಒಂದು ಅಂಚು ಹತ್ತಲೇ ಇಲ್ಲ.
ನಾಳೆ ಹೊಸಾ ಚರ್ಮ ಹಾಕಿಸೂಣು, ಅಂದಿದ್ದ.
ರೆಕಾರ್ಡಿಂಗಿಗೆ ಬ್ಯಾರೆ ಪೇಟಿ ಕೊಡತೇವಿ
ಅಂದಿರಬೇಕು ಕಂಪನಿಯವರು.
ಒಲ್ಲೆ ಅಂದಿರಬೇಕು.
ಇಲ್ಲಾ, ಬಾಡಿಗಿ ಉಳಿಸಿರಬೇಕು;
ಅವನ ಬುದ್ಧಿ ನನಗ ಗೊತ್ತೈತಿ.

ಮೊನ್ನೆ ಟೇಪು ಸಿಕ್ಕೊಂಡು
ಕರಳು ಹೊರಗ ಬಂದಂಗ ಬಂತು.
ಒಗೀತೇನಿ ಅಂದ ಮಾಲಕ.
ಕೊಡ್ರಿ ಇಲ್ಲೆ, ಅಂದೆ.
ಅವನ ಮಗನ ಪೆನ್ಸಿಲು ಇಸಕೊಂಡು
ಒಲಿ ಆರಿದ ಮ್ಯಾಲೆ ಕೂತು ಸುತ್ತಿದೆ.
ಒಂದು ಕಡೆ ಸುಕ್ಕು ಉಳೀತು.

ಈಗ ಮೂರನೇ ಹಾಡಿನ್ಯಾಗ ರೈಲು ಬರೂ ಹೊತ್ತಿಗೆ
ಗದಿಗೆಪ್ಪನ ದನಿ ಬಾವ್ಯಾಗ ಇಳದಂಗ ಆಗತೈತಿ,
ರೈಲು ತಪ್ಪತೈತಿ.
ಮಂದಿ ತಾಟಿನಿಂದ ತಲಿ ಎತ್ತತಾರ.
ಯಾರೋ ಕೂಗತಾರ:
ಅಕ್ಕಾ, ಇನ್ನೊಂದು ಬಿಸೀದು.