ಹದಿನೇಳನೆಯ ಕೊಳವೆ

ಮರಳು ಅಮ್ಮಿಯ ಭಟ್ಟಿಯದು.
ಎಷ್ಟು ಸಲ ಕಾದಿದೆಯೋ, ಎಷ್ಟು ಅಕ್ಕಿ ಅದರೊಳಗೆ ಅರಳಿದೆಯೋ
ಹಾಲಸ್ವಾಮಿ ಸರ್ ಕೇಳಲಿಲ್ಲ.
‘ತೊಳೆದು ಜರಡಿ ಹಿಡಿ’ ಅಂದರು, ಅಷ್ಟೆ.
ನಾಲ್ಕು ನೀರು ತೊಳೆದರೂ ಮಂಡಕ್ಕಿಯ ವಾಸನೆ ಬಿಡಲಿಲ್ಲ.

ಗಾಜಿನ ಕೊಳವೆಗೆ ಗಿಡಿದು ತುಂಬಿದೆ,
ಒಂದು ಪಕ್ಕ ದಪ್ಪ ಮರಳು, ಒಂದು ಪಕ್ಕ ಸಣ್ಣದು.
ಇದೇ ನೆಲದಾಳ ಅಂದುಕೋ.
ದಾವಣಗೆರೆಯ ಕೆಳಗಲ್ಲ,
ಇಲ್ಲಿ ಕೆಳಗೆ ಬರೀ ಬಂಡೆ.

ಕಪ್ಪೆಣ್ಣೆ ಕುಡಿಸಿದೆ. ಹಿಂದೆಯೇ ಉಪ್ಪುನೀರು ದೂಡಿದೆ.
ನೀರಿಗೇನು, ಪಿ.ಬಿ. ರಸ್ತೆಯ ಆಟೋದ ಹಾಗೆ
ಸಂದಿ ಕಂಡಲ್ಲಿ ನುಗ್ಗುತ್ತದೆ.
ದಪ್ಪ ಮರಳಲ್ಲೇ ಹರಿದು ಹರಿದು ದಾರಿ ಸವೆಸಿತು.
ಸಣ್ಣ ಮರಳಿನ ಎಣ್ಣೆ ಇದ್ದಲ್ಲೇ ಇತ್ತು,
ಯಾರೂ ಬಾಗಿಲು ತಟ್ಟದ ಓಣಿ.

ಅದಕ್ಕೇ ಜೆಲ್.
ತೆಳ್ಳಗೆ ಒಳಹೋಗಿ ಸಲೀಸು ದಾರಿಯಲ್ಲಿ ಕೂತು
ಮೊಸರಿನಂತೆ ಹೆಪ್ಪಾಗಬೇಕು, ಒಡೆಯಬಾರದು.
ಆಗ ನೀರು ಓಣಿಗೆ ಹೊಕ್ಕು
ಎಣ್ಣೆಯನ್ನು ಎಬ್ಬಿಸಲೇಬೇಕು.

ಸಿಹಿನೀರಿನಲ್ಲಿ ಎಲ್ಲ ಸರಿ. ಪಾಲಿಮರಿನ ಎಳೆಗಳು
ಊಟವಾದವರ ಹಾಗೆ ಕೈಕಾಲು ಚಾಚುತ್ತವೆ.
ಉಪ್ಪು ಸೋಕಿತೋ, ಮುದುಡುತ್ತವೆ.
ಕ್ಯಾಲ್ಸಿಯಂ ಸೇರಿದರಂತೂ ಕೇಳಬೇಡ:
ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರಲ್ಲ,
ಇದು ಉಪ್ಪು ತಿಂದು ನೀರು ಕಾರುತ್ತದೆ.
ಮೂರನೇ ದಿನಕ್ಕೆ
ಬೆಲ್ಲದ ಚೂರಿನಷ್ಟು ಜೆಲ್, ಸುತ್ತ ನೀರು,
ನೀರಿಗೆ ಮತ್ತೆ ಹಳೇ ದಾರಿ.
ಹದಿನಾರು ಸಲ ಹೀಗೆ.

ಅಮ್ಮಿಗೆ ಹೇಳಿದೆ. ಭಟ್ಟಿಯಿಂದ ಬಂದು
ಹುಬ್ಬಿನ ಬೂದಿ ಒರೆಸಿಕೊಳ್ಳುತ್ತಿದ್ದಳು.
‘ಅಕ್ಕಿಗೂ ಉಪ್ಪು ಹಾಕ್ತೀವಿ, ಹಾಕದಿದ್ರೆ ಅರಳಲ್ಲ’
ಅಂದಳು, ಉಪಾಯವಾಗಿ ಅಲ್ಲ, ಸುಮ್ಮನೆ.
ಆಮೇಲೆ ಕೇಳಿದಳು:
‘ಆ ಎಣ್ಣೇಲಿ ಮಿರ್ಚಿ ಕರೀಬಹುದಾ?’
ಆಗಲ್ಲ ಅಂದೆ.
‘ಮತ್ಯಾಕೆ ಇಷ್ಟು ನಿದ್ದೆಗೆಡ್ತಿ.’

ಇವತ್ತು ಎಳೆಯನ್ನೇ ಬದಲಿಸಿದೆ,
ಉಪ್ಪಿಗೆ ಅಷ್ಟಾಗಿ ಹೆದರದ ಕವಲು ಸೇರಿಸಿ.
ಕರಿಬಸಪ್ಪ ಗೇಟಿಗೆ ಬೀಗ ಹಾಕಿ ಕೀಲಿ ನನಗೇ ಕೊಟ್ಟು ಹೋದ.
ರಾತ್ರಿ ಎರಡು ನಲವತ್ತು.
ಪಂಪಿನ ಮುಳ್ಳು ಏರಿತು, ನಿಂತಿತು, ಇನ್ನಷ್ಟು ಏರಿತು.
ಕೊಳವೆಯ ತುದಿಯಿಂದ ಮೊದಲು ನೀರು,
ಬರೀ ನೀರು,
ಆಮೇಲೆ ಕಾಡಿಗೆಯ ಗೆರೆಯಷ್ಟು ಸಪೂರ
ಒಂದು ಕಪ್ಪು.

ಅಳೆದೆ. ಸೊನ್ನೆ ಬಿಂದು ಮೂರು ಮಿಲಿ.
ಲೆಡ್ಜರಿನಲ್ಲಿ ಬರೆದು, ಅಡಿಗೆರೆ ಎಳೆಯಲು ಹೋಗಿ ಬಿಟ್ಟೆ.
ಬೆರಳು ಮೂಸಿದರೆ ಸೀಮೆಎಣ್ಣೆ.
ಅತ್ತ ಭಟ್ಟಿಗಳಿಗೆ ಬೆಂಕಿ ಬೀಳುವ ಹೊತ್ತು,
ಅಮ್ಮಿ ಎದ್ದಿರುತ್ತಾಳೆ.

ಮೂರನೇ ದಿನ
ಬುಧವಾರ.