ದಪ್ಪ ತಂತಿ

ವಾಸ್ಕೋದಲ್ಲಿ ನಮ್ಮನ್ನು ಘಾಂಟಿ ಅಂತಾರೆ.
ಘಟ್ಟ ಇಳಿದು ಬಂದವರು ಅಂತ ಅರ್ಥ,
ಮೀನಿನವಳು ಅಂದಾಗ ಮಾತ್ರ ಅದಷ್ಟಕ್ಕೇ ನಿಲ್ಲುವುದಿಲ್ಲ.
ಯಮನೂರ ಆ ಮಾತನ್ನೇ ಡಾಂಬರಿನಲ್ಲಿ ಅದ್ದಿ
ದೊಡ್ಡ ಡ್ರಮ್ಮಿನ ತೊಗಲ ಮೇಲೆ ಬರೆದ.
ಬ್ಯಾಂಡಿಗೆ ಹೆಸರಾಯಿತು.

ಬೇರೇನಿತ್ತು ನಮ್ಮಲ್ಲಿ?
ಮೂರು ಕಾರ್ಡು, ಅವೂ ಎವರಿಸ್ತ್
ಇಗರ್ಜಿಯ ಹಾಡುಗಾರರ ಹಿಂದೆ ನಿಂತು ಕದ್ದವು.
ಹುಲಗಪ್ಪನಿಗೆ ಎರಡು ಕೋಲು.
ಗವಂಡಿ ದ್ಯಾಮಣ್ಣನ ಮಗಳು ನನಗೆ
ನಾಲ್ಕೇ ತಂತಿಯ ಗಿಟಾರು,
ಆರಕ್ಕಿಂತ ನಾಲ್ಕು ಸಸಾರ ಅಂತ ಎಲ್ಲರೂ ಅಂದದ್ದಕ್ಕೆ.

ಬಾರ್ಜು ರಿಪೇರಿಯ ಶೆಡ್ಡಿನಲ್ಲಿ, ವೆಲ್ಡಿಂಗ್ ನಿಂತ ಮೇಲೆ,
ಎರಡು ನಿಮಿಷಕ್ಕೊಂದು ಹಾಡು.
ರೇಶನ್ ಕಾರ್ಡು ಕೊಡದ ಗುಮಾಸ್ತನಿಗೊಂದು,
ಅದಿರಿನ ಕೆಂಪು ಧೂಳನ್ನು ನಮ್ಮ ಅನ್ನಕ್ಕೆ ಹಾಕಿ ಹೋಗುವ ಲಾರಿಗಳಿಗೊಂದು,
ಅಪ್ಪ ಕಟ್ಟಿದ, ಅಪ್ಪನನ್ನು ಒಳಗೆ ಬಿಡದ ಬಂಗಲೆಗೊಂದು.
ಯಮನೂರ ಹಾಡಿದರೆ ಕಾರಿಕೊಂಡ ಹಾಗೆ.
ಅವನ ಕೊರಳ ನರ ನೋಡಿ ನಾನು ತಾಳ ಹಿಡಿಯುತ್ತಿದ್ದೆ.
ಯಾರಿಗೂ ನುಡಿಸಲು ಬರುತ್ತಿರಲಿಲ್ಲ. ಅದೇ ಸೊಕ್ಕು.
ಬಾರದಿರುವುದು ಇಷ್ಟು ಜೋರಾಗಿ ಕೇಳಿಸೀತು ಅಂತ
ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಆಮೇಲೊಂದು ಗುರುವಾರ ದಂಡೆಯ ಗುಡಿಸಲ ಸಾಲಿಗೆ
ಜೆಸಿಬಿ ಬಂತು.
ಯಮನೂರ ಅದರ ಮುಂದೆ ನಿಂತು ಕೂಗಿದ,
ಅದೇ ಹಾಡು, ಅವೇ ಬೈಗುಳ.
ಡ್ರೈವರ್ ಕಿವಿಗೆ ಕೈ ಹಚ್ಚಿ ಬಗ್ಗಿದ:
‘ಏನಂದಿ?’
ಕನ್ನಡದಲ್ಲೇ. ಅವನೂ ಬಾಗಲಕೋಟಿ ಕಡೆಯವ.

ಅದಕ್ಕೆ ನಮ್ಮಲ್ಲಿ ಕಾರ್ಡು ಇರಲಿಲ್ಲ.

ಯಮನೂರ ಯಾವುದೋ ಹಡಗಿನ ಅಡುಗೆಮನೆ ಸೇರಿದ.
ಉಳಿದ ಮೂವರು ಶೆಡ್ಡಿಗೆ ಹೋದೆವು, ಚಟಕ್ಕೆ.
ಹಳೆಯ ಹಾಡನ್ನೇ ಹಿಡಿದು
ಅವನು ಕೂಗಬೇಕಾದಲ್ಲಿ ಯಾರೂ ಕೂಗದೆ
ಮನಸ್ಸಿನಲ್ಲೇ ಎಣಿಸಿದೆವು.
ಆ ಖಾಲಿಯಲ್ಲಿ ಮೊದಲ ಸಲ ಕೇಳಿಸಿತು
ನನ್ನದೇ ದಪ್ಪ ತಂತಿ.
ಇಷ್ಟು ದಿನ ಕೂಗಿನ ಅಡಿಯಲ್ಲಿ ಇದು ನಡೆಯುತ್ತಲೇ ಇತ್ತೇ,
ಕಾಂಕ್ರೀಟಿನ ಬುಟ್ಟಿ ಹೊತ್ತ ಅವ್ವನ ಹಾಗೆ,
ಕೊರಳು ಕೊಂಕಿಸದೆ?

ಎವರಿಸ್ತ್ ಕಾರ್ಡು ಹಿಡಿಯುವುದು ಬಿಟ್ಟ.
ತಗಡಿನ ಮೇಲೆ ಮೊಳೆ ಎಳೆದಂತೆ ಒಮ್ಮೆ ಗೀರಿ
ಬಹಳ ಹೊತ್ತು ಏನೂ ಇಲ್ಲ.
ಹುಲಗಪ್ಪ ಕಂಚಿನ ತಟ್ಟೆಗಳನ್ನು ಬಿಚ್ಚಿಟ್ಟು
ತೊಗಲಿನ ಮೇಲಷ್ಟೇ ಬಡಿದ,
ಬಂದರಿನ ಅದಿರಿನ ಬೆಲ್ಟು ರಾತ್ರಿಯಿಡೀ ಬಡಿಯುವ ಹಾಗೆ,
ಯಾರ ಮೇಲೂ ಸಿಟ್ಟಿಲ್ಲದೆ.
ಹಾಡು ಆರು ನಿಮಿಷವಾಯಿತು. ನಾಚಿಕೆಯಾಯಿತು ನಮಗೆ.

‘ಇದಕ್ಕೊಂದು ಹೆಸರಿದೆ’ ಅಂದ ಎವರಿಸ್ತ್, ‘ಪೋಸ್ಟ್-ಪಂಕ್.’
‘ಪೋಸ್ಟ್ ಅಂದ್ರ ಟಪಾಲೇನಲೇ?’ ಹುಲಗಪ್ಪ.
ನಕ್ಕೆವು. ಮನೆಗೆ ಬಂದು ಅನ್ನಿಸಿತು, ಇರಬಹುದು:
ಹೊತ್ತು ಮೀರಿ ಮುಟ್ಟಿದ ಟಪಾಲು,
ಬರೆದವನೇ ಊರಲ್ಲಿಲ್ಲ.

ಹತ್ತು ತಿಂಗಳಿಗೆ ಯಮನೂರ ಬಂದ, ಹೊಟ್ಟೆ ಬಂದಿತ್ತು.
ಡೀಸೆಲ್ ಪೀಪಾಯಿಯ ಮೇಲೆ ಕೂತು ಕೇಳಿದ.
‘ಇದು ಪಂಕ್ ಅಲ್ಲ ಬಿಡ್ರಲೇ.
ನಾ ಕಲ್ಲು ಒಗೀತಿದ್ದೆ. ಇದರಾಗ ಕಲ್ಲೆಲ್ಲೈತಿ?’

ಒಗೆದಿದ್ದೆ, ಯಮನೂರ. ಗಾಜೂ ಒಡೆದಿತ್ತು.
ನೀನು ಹೋದ ಮೇಲೆ ಆ ಕೋಣೆಯೊಳಗೆ
ಬರಿಗಾಲಲ್ಲಿ ಓಡಾಡಿದವರು ನಾವು,
ಚೂರು ಎಲ್ಲೆಲ್ಲಿ ಬಿದ್ದಿದೆಯೆಂದು
ಪಾದದಿಂದಲೇ ಕಲಿಯುತ್ತ.
ಇಲ್ಲಿ ಇಡು. ಇಲ್ಲಿ ಬ್ಯಾಡ. ತಡಿ. ಇಲ್ಲಿ.
ಅದೇ ಈಗ ನನ್ನ ತಾಳ.
ಕಿಟಕಿ ಒಡೆಯದಿದ್ದರೆ ಆ ಮನೆಗೆ ನಮಗೆ ದಾರಿಯೇ ಇರಲಿಲ್ಲ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
ಶ್ಯಾಣ್ಯಾ ಆಗೀಯಲ್ಲ ಅನ್ನುತ್ತಿದ್ದ.

‘ಇನ್ನೊಮ್ಮೆ ಬಾರಿಸ್ರಿ’ ಅಂದ. ಬಾರಿಸಿದೆವು.
ಅವನ ಕೂಗಿನ ಜಾಗ ಬಂದಾಗ
ಎದ್ದು ನಿಂತ, ಬಾಯಿ ತೆರೆದ, ನರ ಉಬ್ಬಿತು,
ಆಮೇಲೆ ಏನನ್ನಿಸಿತೋ,
ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ
‘ಏನಂದಿ?’
ಅಂದ.

ಹುಲಗಪ್ಪ ಬಡಿಯುವುದು ನಿಲ್ಲಿಸಲಿಲ್ಲ.